ಹಲಸೂರಿನ ಕ್ಯಾಸೆಟ್ ಅಂಗಡಿಯಲ್ಲಿ ರೋಮಿನ ಅವಳಿಗಳು

ನನ್ನ ಅಂಗಡಿಗೆ ಬರುತ್ತಿದ್ದವರಲ್ಲಿ ಸಿನಿಮಾದ ಹೆಸರು ಹೇಳಿ ಕ್ಯಾಸೆಟ್ ಕೇಳಿದವರು ಕಡಿಮೆ. ಹಲಸೂರಿನ ಬಜಾರ್ ಬೀದಿಯಿಂದ ಒಳಕ್ಕೆ ತಿರುಗಿದರೆ ಹೂವಿನ ಅಂಗಡಿಗೂ ಗಿರವಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಜಾಗ ಅದು. ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಜನ ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಯಾವುದರಲ್ಲಿ ಬಾಯಿ ತೆರೆದರೂ ಪ್ರಶ್ನೆ ಮಾತ್ರ ಒಂದೇ ಆಗಿರುತ್ತಿತ್ತು: “ಟೀವೀಲಿ ಬರ್ತಾನಲ್ಲ, ದಪ್ಪಗೆ, ಕನ್ನಡಕ ಹಾಕ್ಕೊಂಡು... ಅವನದು ಯಾವುದಾದ್ರೂ ಇದ್ಯಾ?” ಕಥೆ ಯಾರದು, ನಿರ್ದೇಶಕ ಯಾರು ಎಂಬುದೆಲ್ಲ ಅವರಿಗೆ ಬೇಡ. ದಿನಾ ಸಂಜೆ ಮನೆಯ ಹಾಲಿಗೆ ಬಂದು ಹೋಗುವ ಮುಖ ಸಿನಿಮಾದಲ್ಲೂ ಇದ್ದರೆ ಸಾಕು, ಎರಡು ರಾತ್ರಿಯ ಬಾಡಿಗೆ ಕೊಟ್ಟು ಒಯ್ಯುತ್ತಿದ್ದರು.

ಆ ಕಾಲದಲ್ಲಿ ನನ್ನ ಹತ್ತಿರ ಒಂದು ಇಂಗ್ಲಿಷ್ ಕ್ಯಾಸೆಟ್ ಇತ್ತು. ಹೆಸರು ರೈಲಿನಷ್ಟು ಉದ್ದ: ‘ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಂ’. ಅದನ್ನು ಮತ್ತೆ ಮತ್ತೆ ಒಯ್ಯುತ್ತಿದ್ದವರು ಕಾಕ್ಸ್ ಟೌನಿನ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ. ಇಂಗ್ಲೆಂಡಿನಲ್ಲಿ ಬಹಳ ವರ್ಷ ನರ್ಸಾಗಿದ್ದು, ಗಂಡ ಹೋದಮೇಲೆ ತಿರುಗಿ ಬಂದವರು. ಕ್ಯಾಸೆಟ್ಟಿನ ಡಬ್ಬಿಯ ಮೇಲಿನ ಹೆಸರುಗಳ ಮೇಲೆ ಬೆರಳಿಟ್ಟು, “ಇವನು ನಮ್ಮ ಡಾಕ್ಟರ್ ಹೂ. ಇವನು ಫ್ರ್ಯಾಂಕ್ ಸ್ಪೆನ್ಸರ್. ಇವನು ಬಿಲ್ಕೋ. ಎಲ್ಲಾ ಟೀವಿ ಜನ ನೋಡಪ್ಪಾ” ಅನ್ನುತ್ತಿದ್ದರು. ಪ್ರಾಚೀನ ರೋಮಿನ ಕಥೆ ಎಂದು ನಾನು ಕೊಟ್ಟ ಕ್ಯಾಸೆಟ್ಟನ್ನು ಅವರು ಬಿಬಿಸಿಯ ಹಳೆಯ ಸೀರಿಯಲ್ಲುಗಳ ಕುಟುಂಬ ಸಮ್ಮೇಳನ ಎಂದು ನೋಡುತ್ತಿದ್ದರು. ಆಂಟಿ ಹೇಳಿದ್ದು ತಮಾಷೆಗಾದರೂ ಅದರಲ್ಲಿ ಹುರುಳಿದೆ ಅಂತ ನನಗೆ ಆಗಲೇ ಅನಿಸಿತ್ತು. ರೋಮನ್ ಹಾಸ್ಯನಾಟಕದ ಮೇಲೆ ಯಾರು ಸಿನಿಮಾ ಮಾಡಹೊರಟರೂ ಕೊನೆಗೆ ಬಾಗಿಲು ತಟ್ಟುವುದು ಟೀವಿ ನಟರ ಮನೆಯದನ್ನೇ. ಇಲ್ಲವೇ ಆ ಸಿನಿಮಾದವರು ಮುಂದೆ ಟೀವಿಗೆ ಹೋಗಿ ಮನೆಮಾತಾಗುತ್ತಾರೆ. ಅಂಗಡಿ ಮುಚ್ಚಿ ವರ್ಷಗಳಾದರೂ ಆ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಆ ಸಿನಿಮಾದ ವಿಷಯ. 1962ರಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹಾಡು ಕುಣಿತದ ನಾಟಕ. ಬರೆದವರು ಬರ್ಟ್ ಷೆವೆಲವ್ ಮತ್ತು ಲ್ಯಾರಿ ಗೆಲ್ಬಾರ್ಟ್, ಹಾಡುಗಳು ಸ್ಟೀಫನ್ ಸಾಂಡ್‌ಹೈಮ್‌ನವು. ಮೂಲ ಸಾಮಗ್ರಿ ಎರಡು ಸಾವಿರದ ಇನ್ನೂರು ವರ್ಷ ಹಿಂದಿನ ಪ್ಲಾಟಸ್ ಎಂಬ ರೋಮನ್ ನಾಟಕಕಾರನದು. ಅವನ ಒಂದು ನಾಟಕದಿಂದ ಚಾಲಾಕಿ ಗುಲಾಮ, ಇನ್ನೊಂದರಿಂದ ಜಂಬದ ಸಿಪಾಯಿ, ಮತ್ತೊಂದರಿಂದ ದೆವ್ವದ ಮನೆ ಎಂದು ಹೇಳಿ ಯಜಮಾನನನ್ನು ಹೊರಗೇ ನಿಲ್ಲಿಸುವ ಉಪಾಯ. ಹೀಗೆ ಮೂರು ಮನೆಯ ಹಿಟ್ಟು ಸೇರಿಸಿ ತಟ್ಟಿದ ರೊಟ್ಟಿ. ರಿಚರ್ಡ್ ಲೆಸ್ಟರ್ ಇದನ್ನು ಸ್ಪೇನಿನಲ್ಲಿ ಚಿತ್ರೀಕರಿಸಿ, 1966ರಲ್ಲಿ ತೆರೆಗೆ ತಂದ. ಅದಕ್ಕೆ ಸ್ವಲ್ಪ ಮುಂಚೆ ಬೀಟಲ್ಸ್ ಹುಡುಗರ ಎರಡು ಸಿನಿಮಾ ಮಾಡಿದ್ದವನು ಅವನೇ.

ಕಥೆ ಸರಳ. ಸೂಡೊಲಸ್ ಎಂಬ ಗುಲಾಮನಿಗೆ ಬಿಡುಗಡೆ ಬೇಕು. ಚಿಕ್ಕ ಯಜಮಾನನಿಗೆ ಪಕ್ಕದ ಮನೆಯ ಹುಡುಗಿ ಬೇಕು. ಆ ಹುಡುಗಿಯನ್ನು ಆಗಲೇ ಒಬ್ಬ ಸೇನಾನಿಗೆ ಮಾರಿಯಾಗಿದೆ. ಹುಡುಗಿಯನ್ನು ಕೊಡಿಸಿದರೆ ಗುಲಾಮನಿಗೆ ಬಿಡುಗಡೆ ಎಂದು ಒಪ್ಪಂದ. ಆಮೇಲೆ ಸುಳ್ಳಿನ ಮೇಲೆ ಸುಳ್ಳು, ವೇಷದ ಮೇಲೆ ವೇಷ. ಕೊನೆಗೆ ಎರಡು ಉಂಗುರ ಸಿಕ್ಕಿ, ಹುಡುಗಿಯೂ ಸೇನಾನಿಯೂ ಅಣ್ಣ ತಂಗಿ ಎಂದು ಗೊತ್ತಾಗುತ್ತದೆ. ಎಳೆಯರಿದ್ದಾಗ ಕಡಲುಗಳ್ಳರು ಕದ್ದೊಯ್ದಿದ್ದ ಮಕ್ಕಳು. ಶಕುಂತಲೆಯ ಉಂಗುರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಮನಾಗಿ ಜೀರೋ ಮೋಸ್ಟೆಲ್. ಆದರೆ ಆ ಪಾತ್ರವನ್ನು ಬ್ರಾಡ್‌ವೇಯಲ್ಲಿ ಮೊದಲು ಕೊಡಹೋಗಿದ್ದು ಫಿಲ್ ಸಿಲ್ವರ್ಸ್‌ಗೆ. ಅವನು ಒಲ್ಲೆನೆಂದ. ಸಿಲ್ವರ್ಸ್ ಆಗ ಅಮೆರಿಕದ ಟೀವಿಯಲ್ಲಿ ದೊಡ್ಡ ಹೆಸರು. 1955ರಿಂದ 1959ರವರೆಗೆ ಬಂದ ಅವನ ಧಾರಾವಾಹಿಯಲ್ಲಿ ಸಾರ್ಜೆಂಟ್ ಬಿಲ್ಕೋ ಎಂಬ ಪಾತ್ರ ಅವನದು. ದಂಡಿನ ವಾಹನ ವಿಭಾಗದಲ್ಲಿ ಕೂತು, ಮೇಲಿನ ಕರ್ನಲ್‌ನಿಗೆ ಸಲ್ಯೂಟ್ ಹೊಡೆಯುತ್ತಲೇ ಅವನ ಕಣ್ಣಿಗೆ ಮಣ್ಣೆರಚಿ ದುಡ್ಡು ಮಾಡುವ ಕಿಲಾಡಿ. ಪ್ಲಾಟಸ್‌ನ ಗುಲಾಮನಿಗೆ ಮಿಲಿಟರಿ ಬಟ್ಟೆ ತೊಡಿಸಿದರೆ ಬಿಲ್ಕೋ ಆಗುತ್ತಾನೆ. ಸಿನಿಮಾದಲ್ಲಿ ಸಿಲ್ವರ್ಸ್‌ಗೆ ಹುಡುಗಿಯರನ್ನು ಮಾರುವ ದಲ್ಲಾಳಿ ಲೈಕಸ್‌ನ ಪಾತ್ರ ಬಂತು. ಬಿಟ್ಟ ಗುಲಾಮನ ಪಾತ್ರ ಅವನನ್ನು ಮತ್ತೆ ಹುಡುಕಿಕೊಂಡು ಬಂದದ್ದು 1972ರಲ್ಲಿ, ನಾಟಕ ಬ್ರಾಡ್‌ವೇಗೆ ತಿರುಗಿ ಬಂದಾಗ. ಅದಕ್ಕೆ ಅವನಿಗೆ ಟೋನಿ ಪ್ರಶಸ್ತಿಯೂ ಸಿಕ್ಕಿತು.

ಆಂಟಿಯ ‘ಡಾಕ್ಟರ್ ಹೂ’ ಎಂದರೆ ಜಾನ್ ಪರ್ಟ್‌ವೀ. 1963ರ ಲಂಡನ್ ಪ್ರದರ್ಶನದಲ್ಲಿ ದಲ್ಲಾಳಿ ಲೈಕಸ್ ಅವನೇ ಆಗಿದ್ದ. ಸಿನಿಮಾದ ಹೊತ್ತಿಗೆ ಆ ಪಾತ್ರ ಸಿಲ್ವರ್ಸ್ ಪಾಲಾಗಿ, ಪರ್ಟ್‌ವೀಗೆ ಕ್ರಾಸಸ್ ಎಂಬ ಒಂದು ಸಣ್ಣ ತುಂಡು ಉಳಿಯಿತು. ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬ ಅವನ ಅಣ್ಣ ಮೈಕಲ್ ಪರ್ಟ್‌ವೀ ಎಂಬುದು ಇನ್ನೊಂದು ಸ್ವಾರಸ್ಯ. ಡಾಕ್ಟರ್ ಹೂ ಆದದ್ದು ನಾಲ್ಕು ವರ್ಷದ ನಂತರ, 1970ರಲ್ಲಿ. ಪ್ರೇಮಿ ಹುಡುಗನಾಗಿ ಬರುವ ಮೈಕಲ್ ಕ್ರಾಫರ್ಡ್ 1973ರಿಂದ ಬಿಬಿಸಿಯಲ್ಲಿ ಎಡವಟ್ಟು ಫ್ರ್ಯಾಂಕ್ ಸ್ಪೆನ್ಸರ್ ಆದ. ನಾಯಕಿ ಆನೆಟ್ ಆಂದ್ರೆ 1969ರಲ್ಲಿ ಪತ್ತೇದಾರಿ ದೆವ್ವದ ಧಾರಾವಾಹಿಯೊಂದರಲ್ಲಿ ಹೆಸರು ಮಾಡಿದಳು. ನಾಟಕ ಬರೆದ ಗೆಲ್ಬಾರ್ಟನೇ 1972ರಲ್ಲಿ ‘ಮ್ಯಾಶ್’ ಧಾರಾವಾಹಿಯನ್ನು ರೂಪಿಸಿದ. ಅಂದರೆ 1966ರಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರಿಗೆ ಇವರಲ್ಲಿ ಸಿಲ್ವರ್ಸ್‌ನಂಥ ಒಬ್ಬಿಬ್ಬರು ಬಿಟ್ಟರೆ ಉಳಿದವರು ಟೀವಿಯವರೇ ಅಲ್ಲ. ಇಪ್ಪತ್ತು ವರ್ಷ ಕಳೆದು ನನ್ನ ಅಂಗಡಿಯಿಂದ ಒಯ್ದ ಆಂಟಿಗೆ ಎಲ್ಲರೂ ಟೀವಿಯವರೇ. ಸಿನಿಮಾ ಇದ್ದಲ್ಲೇ ಇತ್ತು, ನೋಡುವವರ ಕಣ್ಣು ಬೇರೆಯಾಗಿತ್ತು.

ಆ ಚಿತ್ರದಲ್ಲಿ ಟೀವಿಯಿಂದ ಹೆಸರು ಮಾಡದ ಒಬ್ಬ ಮುದುಕನಿದ್ದಾನೆ. ಕದ್ದುಹೋದ ಮಕ್ಕಳನ್ನು ಹುಡುಕುವ ಎರೋನಿಯಸ್. ರೋಮಿನ ಏಳು ಗುಡ್ಡಗಳನ್ನು ಏಳು ಸಲ ಸುತ್ತಿ ಬಾ ಎಂದು ಯಾರೋ ಹೇಳಿದ್ದನ್ನು ನಂಬಿ, ಎಲ್ಲರ ಜಗಳದ ನಡುವೆ ಓಡುತ್ತ ಬಂದು ಓಡುತ್ತ ಹೋಗುತ್ತಾನೆ. ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಅವನು. ಚಿತ್ರೀಕರಣದ ಹೊತ್ತಿಗೆ ಕ್ಯಾನ್ಸರ್ ಆಗಿತ್ತು. 1966ರ ಫೆಬ್ರವರಿ 1ರಂದು ತೀರಿಕೊಂಡ. ಸಿನಿಮಾ ತೆರೆ ಕಂಡದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಮಾತಿಲ್ಲದೆ ನಗಿಸುವವನು ಅವನೊಬ್ಬನೇ. ಉಳಿದವರದು ಗದ್ದಲ ಜಾಸ್ತಿ ಆಯಿತು.

ಇನ್ನು ಪ್ಲಾಟಸ್. ಸತ್ತದ್ದು ಕ್ರಿಸ್ತಪೂರ್ವ 184ರಲ್ಲಿ. ಅವನ ಇಪ್ಪತ್ತು ನಾಟಕಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿವೆ. ಎಲ್ಲವೂ ಗ್ರೀಕ್ ನಾಟಕಗಳಿಂದ ಎತ್ತಿಕೊಂಡವು. ಊರು ಗ್ರೀಸಿನದು, ಹೆಸರು ಗ್ರೀಕರದು, ತಮಾಷೆ ಮಾತ್ರ ರೋಮಿನ ಬೀದಿಯದು. ಆಗ ರೋಮಿನಲ್ಲಿ ಕಲ್ಲಿನ ರಂಗಮಂದಿರವೇ ಇರಲಿಲ್ಲ, ಮೊದಲನೆಯದು ಬಂದದ್ದು ಕ್ರಿಸ್ತಪೂರ್ವ 55ರಲ್ಲಿ. ದೇವರ ಉತ್ಸವಕ್ಕೆ ಮರದ ಅಟ್ಟಣಿಗೆ ಕಟ್ಟುವುದು, ಆಡುವುದು, ಬಿಚ್ಚುವುದು. ನಮ್ಮ ಹಲಸೂರಿನ ಪಲ್ಲಕ್ಕಿ ಉತ್ಸವಕ್ಕೆ ಪೆಂಡಾಲು ಹಾಕುವ ಹಾಗೆಯೇ. ಅತ್ತ ಮಲ್ಲರ ಕುಸ್ತಿ, ಇತ್ತ ತಿಂಡಿ ಮಾರುವವರು. ಇಂಥ ಸಂತೆಯಲ್ಲಿ ಜನ ಎದ್ದು ಹೋಗದಂತೆ ಹಿಡಿದಿಡಬೇಕಾದರೆ ಪಾತ್ರ ಬಂದ ತಕ್ಷಣ ಇವನು ಯಾರೆಂದು ಗೊತ್ತಾಗಬೇಕು. ಆದ್ದರಿಂದ ಅಚ್ಚು ಹಾಕಿಟ್ಟ ಪಾತ್ರಗಳು: ಜಿಪುಣ ಅಪ್ಪ, ಬಜಾರಿ ಹೆಂಡತಿ, ಪ್ರೇಮಿ ಹುಡುಗ, ಊಟಕ್ಕೆ ಅಂಟಿಕೊಳ್ಳುವ ಪುಕ್ಕಟೆರಾಯ, ಜಂಬದ ಸಿಪಾಯಿ, ಎಲ್ಲರನ್ನೂ ಕುಣಿಸುವ ಆಳು. ‘ಸೂಡೊಲಸ್’ ನಾಟಕದಲ್ಲಿ ಆಳಿನ ವರ್ಣನೆ ಹೀಗೆ: ಕೆಂಪು ಕೂದಲು, ಡೊಳ್ಳು ಹೊಟ್ಟೆ, ದಪ್ಪ ಮೀನಖಂಡ, ದೊಡ್ಡ ತಲೆ, ಅದಕ್ಕಿಂತ ದೊಡ್ಡ ಪಾದ. ಯಕ್ಷಗಾನದ ಹಾಸ್ಯಗಾರನಂತೆ, ವೇಷ ಕಂಡಾಗಲೇ ಅರ್ಧ ನಗು ಬಂದಿರುತ್ತದೆ.

ಟೀವಿ ಮಾಡುವುದೂ ಇದನ್ನೇ. ನಮ್ಮಲ್ಲೇ ನೋಡಿ. ದೂರದರ್ಶನದಲ್ಲಿ ‘ಸಿಹಿ ಕಹಿ’ ಎಂಬ ಧಾರಾವಾಹಿ ಬಂತು. ಧಾರಾವಾಹಿ ಮುಗಿಯಿತು, ಅದರಲ್ಲಿ ನಟಿಸಿದ ಚಂದ್ರು ಮಾತ್ರ ಜೀವಮಾನವಿಡೀ ಸಿಹಿ ಕಹಿ ಚಂದ್ರುವೇ. ಅವರ ಹೆಂಡತಿ ಸಿಹಿ ಕಹಿ ಗೀತಾ. ಅದಕ್ಕೂ ಮುಂಚೆ ರಂಗಭೂಮಿಯಲ್ಲಿ ‘ಮುಖ್ಯಮಂತ್ರಿ’ ಎಂಬ ನಾಟಕ ಆಡಿದ ಇನ್ನೊಬ್ಬ ಚಂದ್ರು, ಸರ್ಕಾರಗಳು ಎಷ್ಟು ಬದಲಾದರೂ ಮುಖ್ಯಮಂತ್ರಿ ಚಂದ್ರುವಾಗಿಯೇ ಇದ್ದಾರೆ. ಪ್ಲಾಟಸ್‌ನ ಪೂರ್ತಿ ಹೆಸರು ಟೈಟಸ್ ಮ್ಯಾಕ್ಸಿಯಸ್ ಪ್ಲಾಟಸ್. ನಡುವಿನ ಮ್ಯಾಕ್ಸಿಯಸ್ ಬಂದದ್ದು ಇಟಲಿಯ ಹಳ್ಳಿ ಪ್ರಹಸನಗಳ ಮ್ಯಾಕಸ್ ಎಂಬ ದಡ್ಡ ವಿದೂಷಕನ ವೇಷದಿಂದ ಎಂದು ವಿದ್ವಾಂಸರು ಊಹಿಸುತ್ತಾರೆ. ಅವನೂ ಒಂದು ಕಾಲದಲ್ಲಿ ಆ ವೇಷ ಕಟ್ಟಿರಬೇಕು. ಇದು ನಿಜವಾದರೆ ಅವನು ರೋಮಿನ ಸಿಹಿ ಕಹಿ ಚಂದ್ರು. ಪಾತ್ರ ಮನುಷ್ಯನಿಗೆ ಅಂಟಿಕೊಂಡರೆ ಸಿನಿಮಾದವರಿಗೆ ಅನುಕೂಲ. ಇವನು ಯಾರು, ಎಂಥವನು ಎಂದು ಪರಿಚಯ ಮಾಡಿಕೊಡಲು ಹತ್ತು ನಿಮಿಷ ಕಳೆಯಬೇಕಾಗಿಲ್ಲ. ಜನ ಮನೆಯಿಂದಲೇ ಪರಿಚಯ ಮಾಡಿಕೊಂಡು ಬಂದಿರುತ್ತಾರೆ.

ಈಗ ಅವಳಿಗಳ ಕಥೆಗೆ ಬರೋಣ. ಕನ್ನಡಕ್ಕೆ ತಲುಪಿದ್ದು ಪ್ಲಾಟಸ್‌ನ ಈ ಕೊಂಬೆಯೇ. ನಾಟಕದ ಹೆಸರು ‘ಮೆನೆಕ್ಮಿ’. ಸಿರಾಕ್ಯೂಸ್ ಊರಿನ ವರ್ತಕನೊಬ್ಬ ಅವಳಿ ಮಕ್ಕಳಲ್ಲಿ ಒಬ್ಬನನ್ನು ಕರೆದುಕೊಂಡು ಟಾರೆಂಟಮ್‌ಗೆ ವ್ಯಾಪಾರಕ್ಕೆ ಹೋಗುತ್ತಾನೆ. ಅಲ್ಲಿ ಉತ್ಸವ. ಜನಸಂದಣಿಯಲ್ಲಿ ಹುಡುಗ ತಪ್ಪಿಸಿಕೊಳ್ಳುತ್ತಾನೆ. ಬೇರೆ ಊರಿನ ವರ್ತಕನೊಬ್ಬ ಎತ್ತಿಕೊಂಡು ಹೋಗಿ ಸಾಕುತ್ತಾನೆ. ಅಪ್ಪ ಕೊರಗಿ ಸಾಯುತ್ತಾನೆ. ಮನೆಯಲ್ಲಿ ಉಳಿದ ಹುಡುಗನಿಗೆ ಅಜ್ಜ ಕಳೆದುಹೋದವನ ಹೆಸರನ್ನೇ ಇಡುತ್ತಾನೆ. ದೊಡ್ಡವನಾದ ಮೇಲೆ ಅವನು ಅಣ್ಣತಮ್ಮನನ್ನು ಹುಡುಕುತ್ತ ವರ್ಷಗಟ್ಟಲೆ ಅಲೆದು, ಕಳೆದುಹೋದವನು ಬೆಳೆದ ಊರಿಗೇ ಬಂದಿಳಿಯುತ್ತಾನೆ. ಊರಿನವರೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾರೆ. ಯಾರದೋ ಹೆಂಡತಿ ಬೈಯುತ್ತಾಳೆ, ಯಾರದೋ ಪ್ರೇಯಸಿ ಊಟಕ್ಕೆ ಕರೆಯುತ್ತಾಳೆ, ಕೊನೆಗೆ ಹುಚ್ಚು ಹಿಡಿದಿದೆ ಎಂದು ವೈದ್ಯನನ್ನೂ ಕರೆಸುತ್ತಾರೆ.

ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮ ಎಂದರೆ ನಾವು ಹಿಂದಿ ಸಿನಿಮಾದವರು ಕಟ್ಟಿದ ಸುಳ್ಳು ಎಂದು ನಗುತ್ತೇವೆ. ಶಿವಾಜಿನಗರದ ಸೇಂಟ್ ಮೇರಿ ಚರ್ಚಿನ ಸೆಪ್ಟೆಂಬರ್ ಹಬ್ಬಕ್ಕೆ ಒಮ್ಮೆ ಹೋಗಿ ನಿಲ್ಲಿ. ಕಾವಿ ಸೀರೆಗಳ ಕಡಲಿನ ನಡುವೆ ಮೈಕಿನಲ್ಲಿ ಸಂಜೆಯವರೆಗೂ ಕೂಗುತ್ತಿರುತ್ತಾರೆ: ಇಂಥ ಬಣ್ಣದ ಅಂಗಿ, ಇಷ್ಟು ವಯಸ್ಸು, ಹೆಸರು ಹೇಳುತ್ತಿಲ್ಲ, ತಂದೆತಾಯಿ ಬೇಗ ಬಂದು ಕರೆದುಕೊಂಡು ಹೋಗಬೇಕು. ಪ್ಲಾಟಸ್ ಕಾಲದಲ್ಲಿ ಮೈಕ್ ಇದ್ದಿದ್ದರೆ ಈ ನಾಟಕವೇ ಹುಟ್ಟುತ್ತಿರಲಿಲ್ಲ.

ಶೇಕ್ಸ್‌ಪಿಯರ್ ಇದನ್ನು ಕೈಗೆತ್ತಿಕೊಂಡು ‘ದ ಕಾಮೆಡಿ ಆಫ್ ಎರರ್ಸ್’ ಮಾಡಿದ. 1594ರ ಡಿಸೆಂಬರ್ 28ರ ರಾತ್ರಿ ಲಂಡನಿನ ಗ್ರೇಸ್ ಇನ್ ಎಂಬ ವಕೀಲರ ಸಭಾಂಗಣದಲ್ಲಿ ಆಡಿದ ದಾಖಲೆಯಿದೆ. ಪ್ಲಾಟಸ್‌ನಲ್ಲಿ ಒಂದೇ ಜೋಡಿ ಅವಳಿ. ಶೇಕ್ಸ್‌ಪಿಯರ್ ಆಳುಗಳನ್ನೂ ಅವಳಿ ಮಾಡಿ ಎರಡು ಜೋಡಿ ಮಾಡಿದ. ಆ ಎರಡನೇ ಜೋಡಿಯ ಉಪಾಯವೂ ಪ್ಲಾಟಸ್‌ನ ಇನ್ನೊಂದು ನಾಟಕ ‘ಆಂಫಿಟ್ರುವೋ’ದಿಂದ ಎರವಲು. ಅದರಲ್ಲಿ ಸೇನಾಪತಿ ಯುದ್ಧಕ್ಕೆ ಹೋಗಿರುವಾಗ ಜೂಪಿಟರ್ ದೇವರು ಅವನ ರೂಪ ಧರಿಸಿ ಅವನ ಹೆಂಡತಿಯ ಬಳಿಗೆ ಬರುತ್ತಾನೆ. ಜೊತೆಗೆ ಮರ್ಕ್ಯುರಿ ಅವನ ಆಳಿನ ರೂಪದಲ್ಲಿ ಬಾಗಿಲು ಕಾಯುತ್ತಾನೆ. ನಿಜವಾದ ಆಳು ಮನೆಗೆ ಬಂದರೆ ಬಾಗಿಲಲ್ಲಿ ತಾನೇ ನಿಂತಿದ್ದಾನೆ!

ಕನ್ನಡಕ್ಕೆ ಶೇಕ್ಸ್‌ಪಿಯರ್ ಮೊದಲು ಬಂದದ್ದೇ ಈ ಅವಳಿಗಳ ಕೈ ಹಿಡಿದು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. 1871ರಲ್ಲಿ ಧಾರವಾಡದ ಕಡೆ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ ಎಂದು ಇದನ್ನು ಕನ್ನಡಿಸಿದರು. ‘ಒಥೆಲೊ’, ‘ಮ್ಯಾಕ್‌ಬೆತ್’ಗಳು ‘ಶೂರಸೇನ ಚರಿತ್ರೆ’, ‘ಪ್ರತಾಪರುದ್ರದೇವ’ ಎಂದು ರಾಜಗಾಂಭೀರ್ಯದಿಂದ ಬಂದದ್ದು ಆಮೇಲೆ. ಮೊದಲು ಬಂದವರು ನಗಿಸುವವರು.

ಸಿನಿಮಾಕ್ಕೆ ಬಂದಾಗ ಹಿಂದಿಯಲ್ಲಿ 1968ರ ‘ದೋ ದೂನಿ ಚಾರ್’, ಮತ್ತೆ 1982ರಲ್ಲಿ ಗುಲ್ಜಾರ್ ನಿರ್ದೇಶಿಸಿದ ‘ಅಂಗೂರ್’. ಸಂಜೀವ್ ಕುಮಾರ್ ಯಜಮಾನರ ಜೋಡಿ, ದೇವೆನ್ ವರ್ಮಾ ಆಳುಗಳ ಜೋಡಿ. ಫಿಲಂಫೇರ್ ಪ್ರಶಸ್ತಿ ಸಿಕ್ಕಿದ್ದು ದೇವೆನ್ ವರ್ಮಾಗೆ. ಅದು ನ್ಯಾಯವೇ. ನನ್ನ ಅಂಗಡಿಯಲ್ಲಿ ‘ಅಂಗೂರ್’ನ ಎರಡು ಪ್ರತಿ ಇಟ್ಟಿದ್ದೆ. ಶಿವಾಜಿನಗರದ ಕಡೆಯಿಂದ ಬರುತ್ತಿದ್ದ ಟೈಲರ್ ಸಾಹೇಬರೊಬ್ಬರು ರಂಜಾನ್ ಮುಗಿದ ಮಾರನೇ ದಿನ ಅದನ್ನು ಒಯ್ಯದೆ ಬಿಡುತ್ತಿರಲಿಲ್ಲ.

ಕನ್ನಡದಲ್ಲಿ ಅದು 1997ರ ‘ಉಲ್ಟಾ ಪಲ್ಟಾ’. ಪತ್ರಕರ್ತ ಎನ್.ಎಸ್. ಶಂಕರ್ ನಿರ್ದೇಶನ, ರಮೇಶ್ ಅರವಿಂದ್ ಮತ್ತು ಕಾಶಿ ಇಬ್ಬರಿಗೂ ದ್ವಿಪಾತ್ರ. ಆಗ ನಮ್ಮ ದಂಡಿನ ಥಿಯೇಟರುಗಳಲ್ಲಿ ಕನ್ನಡ ಸಿನಿಮಾ ಅಪರೂಪವಾಗಿತ್ತು. ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ, ಬಿಆರ್‌ವಿ, ಲಿಡೋ ಎಲ್ಲ ಇಂಗ್ಲಿಷಿನವು, ಇಲ್ಲವೇ ಹಿಂದಿಯವಾಗಿದ್ದವು. ಶಿವಾಜಿನಗರದ ಎಲ್ಜಿನ್‌ನಲ್ಲಿ ತಮಿಳು, ಹಿಂದಿಯ ಹಳೆಯ ಚಿತ್ರಗಳಿರುತ್ತಿದ್ದವು. ಕನ್ನಡ ಬೇಕೆಂದರೆ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೇ ಹೋಗಬೇಕಿತ್ತು. ಹೋಗಿ ನೋಡಿದೆ, ನಕ್ಕೆ. ಅದರಲ್ಲೂ ಕಾಶಿ ತಪ್ಪು ಯಜಮಾನನ ಕೈಲಿ ಸಿಕ್ಕಿಕೊಂಡಾಗ ಆ ಮುಖ! ಮರುವರ್ಷವೇ ಅದೇ ಹೆಸರಿನಲ್ಲಿ ತೆಲುಗಿಗೂ ಹೋಯಿತು, ರಾಜೇಂದ್ರ ಪ್ರಸಾದ್ ನಾಯಕನಾಗಿ.

ದ್ವಿಪಾತ್ರದ ಒಂದು ತಾಂತ್ರಿಕ ಗುಟ್ಟು ಇಲ್ಲಿ ಹೇಳಬೇಕು, ಏಕೆಂದರೆ ರೋಮಿಗೂ ಸಿನಿಮಾಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ರಂಗದ ಮೇಲೆ ಅವಳಿಗಳಾಗಿ ಇಬ್ಬರು ನಟರು ಬೇಕು, ಕೊನೆಯ ದೃಶ್ಯದಲ್ಲಿ ಇಬ್ಬರೂ ಎದುರುಬದುರು ನಿಲ್ಲಬೇಕಲ್ಲ. ಒಬ್ಬರನ್ನೊಬ್ಬರು ಹೋಲದಿದ್ದರೂ ಹೋಲುತ್ತಾರೆ ಎಂದು ಪ್ರೇಕ್ಷಕರು ಒಪ್ಪಿಕೊಳ್ಳಬೇಕು. ಫಿಲ್ಮಿನ ಕಾಲದ ಸಿನಿಮಾದಲ್ಲಿ ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಲೆನ್ಸಿನ ಅರ್ಧಕ್ಕೆ ಕಪ್ಪು ಮರೆ ಹಾಕಿ ಒಂದು ಕಡೆಯ ಅಭಿನಯ ತೆಗೆಯುವುದು. ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಇನ್ನೊಂದು ಕಡೆಗೆ ಬದಲಿಸಿ ಅದೇ ನಟನನ್ನು ಆ ಕಡೆ ನಿಲ್ಲಿಸಿ ಮತ್ತೆ ತೆಗೆಯುವುದು. ಹಾಗಾಗಿ ಸಿನಿಮಾದಲ್ಲಿ ಹೋಲಿಕೆಗೆ ಕೊರತೆ ಇಲ್ಲ, ಕಷ್ಟವಿರುವುದು ವ್ಯತ್ಯಾಸ ತೋರಿಸುವುದರಲ್ಲಿ. ಯಾರು ಬಂದರು, ಊರಿನವನೋ ಪರವೂರಿನವನೋ ಎಂದು ನಮಗೆ ಗೊತ್ತಾಗಬೇಕು, ತೆರೆಯ ಮೇಲಿನವರಿಗೆ ಗೊತ್ತಾಗಬಾರದು. ‘ಶಂಕರ್ ಗುರು’ವಿನಲ್ಲಿ ರಾಜ್‌ಕುಮಾರ್ ಅವರನ್ನು ಮೂರು ಪಾತ್ರದಲ್ಲಿ ನೋಡಿ ಪಳಗಿದ ಕನ್ನಡ ಪ್ರೇಕ್ಷಕರಿಗೆ ಈ ಆಟ ಕಲಿಸಬೇಕಾಗಿರಲಿಲ್ಲ.

ಆಂಟಿಯ ಕಣ್ಣಿಗೆ ಆದದ್ದು ಇಲ್ಲೂ ಆಯಿತು. 1997ರಲ್ಲಿ ರಮೇಶ್ ಅರವಿಂದ್ ಅಂದರೆ ‘ಅಮೆರಿಕಾ ಅಮೆರಿಕಾ’ದ, ‘ನಮ್ಮೂರ ಮಂದಾರ ಹೂವೆ’ಯ ಸಿನಿಮಾ ನಾಯಕ. 2014ರಲ್ಲಿ ಜೀ ಕನ್ನಡದಲ್ಲಿ ‘ವೀಕೆಂಡ್ ವಿತ್ ರಮೇಶ್’ ಶುರುವಾದ ಮೇಲೆ ನನ್ನ ಮೊಮ್ಮಗಳ ವಯಸ್ಸಿನವರಿಗೆ ಅವರು ಟೀವಿಯ ಮನುಷ್ಯ. ಸಾಧಕರನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ ಅಳಿಸಿ ನಗಿಸುವ ರಮೇಶ್ ಸಾರ್. ಈಚೆಗೆ ಅವಳು ‘ಉಲ್ಟಾ ಪಲ್ಟಾ’ ನೋಡುತ್ತ, “ತಾತ, ವೀಕೆಂಡ್ ರಮೇಶ್ ಸಿನಿಮಾನೂ ಮಾಡಿದ್ರಾ?” ಎಂದಳು. ಅವಳಿಗೆ ಇದು ಟೀವಿ ನಟರೊಬ್ಬರು ಸಿನಿಮಾದಲ್ಲಿ ಮಾಡಿದ ರೋಮನ್ ಹಾಸ್ಯ. ನಾನು ತಿದ್ದಲು ಹೋಗಲಿಲ್ಲ. ಅವಳ ಲೆಕ್ಕದಲ್ಲಿ ಅದೂ ಸರಿಯೇ.

ಅದೇ 1997ರಲ್ಲಿ ಕನ್ನಡದಲ್ಲಿ ಇನ್ನೊಂದು ಪಡಿಯಚ್ಚಿನ ಸಿನಿಮಾ ಬಂತು, ‘ನಾಗಮಂಡಲ’. ಗಿರೀಶ ಕಾರ್ನಾಡರ ನಾಟಕ, ಟಿ.ಎಸ್. ನಾಗಾಭರಣರ ನಿರ್ದೇಶನ. ಗಂಡನ ರೂಪ ತಾಳಿ ಹೆಂಡತಿಯ ಬಳಿಗೆ ಬರುವ ನಾಗ. ಅದಕ್ಕೂ ‘ಆಂಫಿಟ್ರುವೋ’ಗೂ ವಂಶಸಂಬಂಧವಿಲ್ಲ, ಕಾರ್ನಾಡರು ತೆಗೆದುಕೊಂಡದ್ದು ಕನ್ನಡದ ಜನಪದ ಕಥೆಯನ್ನು. ಗೌತಮನ ವೇಷದಲ್ಲಿ ಅಹಲ್ಯೆಯ ಬಳಿಗೆ ಬಂದ ಇಂದ್ರನ ನಾಡಿನವರಿಗೆ ಜೂಪಿಟರನಿಂದ ಪಾಠ ಬೇಕಾಗಿರಲಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೆರಗಾಗುತ್ತದೆ. ಪ್ಲಾಟಸ್‌ನಲ್ಲಿ ನಗು ಗಂಡನ ಮತ್ತು ಆಳಿನ ಪೇಚಾಟದ ಸುತ್ತ. ‘ನಾಗಮಂಡಲ’ದಲ್ಲಿ ಕಣ್ಣಿರುವುದು ಹೆಂಡತಿ ರಾಣಿಯ ಮೇಲೆ. ಗಂಡನೂ ನಾಗನೂ ಆಗಿ ಎರಡು ಪಾತ್ರ ಮಾಡಿದ ಪ್ರಕಾಶ್ ರೈ ಕನ್ನಡದ ಮನೆಗಳಿಗೆ ಪರಿಚಯವಾದದ್ದು ಟೀವಿಯಿಂದ, ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿಯಿಂದ. ಓದಿದ್ದು ನಮ್ಮ ಬ್ರಿಗೇಡ್ ರಸ್ತೆಯ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ. ದಂಡಿನವರು ಇದನ್ನು ಹೇಳಿಕೊಳ್ಳದೆ ಬಿಡುವುದಿಲ್ಲ.

ದಂಡು ಎಂದಮೇಲೆ ಪ್ಲಾಟಸ್‌ನ ಜಂಬದ ಸಿಪಾಯಿಯನ್ನು ಮರೆಯುವ ಹಾಗಿಲ್ಲ. ಬ್ರಿಟಿಷರು 1809ರ ಹೊತ್ತಿಗೆ ಶ್ರೀರಂಗಪಟ್ಟಣದಿಂದ ಪಡೆ ತೆಗೆದು ಹಲಸೂರಿನ ಬಯಲಿನಲ್ಲಿ ಊರಿಕೊಂಡಾಗಿನಿಂದ ಈ ಕಡೆ ಸಿಪಾಯಿಗಳ ಪೌರುಷದ ಕಥೆಗಳಿಗೆ ಬರವಿಲ್ಲ. ‘ಮೀಲೆಸ್ ಗ್ಲೋರಿಯೋಸಸ್’ ನಾಟಕದ ಸೇನಾನಿ ಒಂದೇ ಏಟಿಗೆ ಆನೆಯ ಕಾಲು ಮುರಿದೆ ಎಂದು ಹೇಳಿಸಿಕೊಳ್ಳುತ್ತಾನೆ, ಊಟದ ಆಸೆಗೆ ಪಕ್ಕದಲ್ಲಿ ನಿಂತವನು ಹೌದೌದು ಎನ್ನುತ್ತಾನೆ. ನನ್ನ ಅಂಗಡಿಗೆ ಇಂದಿರಾನಗರದ ಡಿಫೆನ್ಸ್ ಕಾಲೊನಿಯಿಂದ ಬರುತ್ತಿದ್ದ ನಿವೃತ್ತ ಅಧಿಕಾರಿಗಳಲ್ಲಿ ನಿಜವಾಗಿ ಯುದ್ಧ ಕಂಡವರು ಬಾಯಿ ಬಿಡುತ್ತಿರಲಿಲ್ಲ. ಕಾಣದವರು ಕ್ಯಾಸೆಟ್ ಆರಿಸುವಷ್ಟರಲ್ಲಿ ಒಂದು ಗಡಿಯನ್ನಾದರೂ ಗೆದ್ದು ಮುಗಿಸುತ್ತಿದ್ದರು. ಒಬ್ಬರು ಬಂದಾಗ ನಾನು, “ಬನ್ನಿ ಕರ್ನಲ್ ಸಾರ್” ಅನ್ನುವುದು, ಅವರು ಹೋದಮೇಲೆ ಪಕ್ಕದ ಹೂವಿನವಳು, “ಇವರೇ ಕ್ರೇಜಿ ಕರ್ನಲ್ಲಾ ಅಣ್ಣಾ?” ಎಂದು ಕೇಳುವುದು. ಏಕೆಂದರೆ ದೂರದರ್ಶನದಲ್ಲಿ ಆಗ ‘ಕ್ರೇಜಿ ಕರ್ನಲ್’ ಬರುತ್ತಿತ್ತು. ರಮೇಶ್ ಭಟ್ ಕರ್ನಲ್. ಪ್ಲಾಟಸ್ ಓದಿ ಬರೆದದ್ದಲ್ಲ ಅದು, ಆದರೂ ವೇಷ ಅದೇ. ಕಂಟೋನ್ಮೆಂಟ್ ಸ್ಟೇಷನ್ ದಾಟಿ ಜಯಮಹಲ್ ರಸ್ತೆ ಹಿಡಿದರೆ ಜೆ.ಸಿ. ನಗರದ ದೂರದರ್ಶನ ಕೇಂದ್ರ. ಕೇಂದ್ರವೂ ಕರ್ನಲ್ಲುಗಳೂ ಇಷ್ಟು ಹತ್ತಿರ ಇದ್ದಮೇಲೆ ಆ ಪಾತ್ರ ಹುಟ್ಟದೆ ಇದ್ದಿದ್ದರೆ ಆಶ್ಚರ್ಯ.

ಇತ್ತೀಚಿನದೊಂದನ್ನೂ ಹೇಳಿಬಿಡುತ್ತೇನೆ. 2022ರ ಡಿಸೆಂಬರಿನಲ್ಲಿ ರೋಹಿತ್ ಶೆಟ್ಟಿಯ ‘ಸರ್ಕಸ್’ ಬಂತು. ‘ಅಂಗೂರ್’ನದೇ ಕಥೆ, ರಣ್‌ವೀರ್ ಸಿಂಗ್ ಮತ್ತು ವರುಣ್ ಶರ್ಮಾ ಎರಡೆರಡು ಪಾತ್ರ. ಒಂದು ಜೋಡಿ ಊಟಿಯಲ್ಲಿ ಸರ್ಕಸ್ ನಡೆಸುತ್ತದೆ, ಇನ್ನೊಂದು ಜೋಡಿ ಬೆಂಗಳೂರಿನ ಶ್ರೀಮಂತರ ಮನೆಯಲ್ಲಿ ಬೆಳೆಯುತ್ತದೆ. ಊಟಿಯವನು ಕರೆಂಟ್ ತಂತಿ ಹಿಡಿದರೆ ಬೆಂಗಳೂರಿನವನನ್ನು ಮುಟ್ಟಿದವರಿಗೆ ಶಾಕ್. ಎರಡು ಸಾವಿರ ವರ್ಷ ಅಲೆದ ಅವಳಿಗಳು ಕೊನೆಗೆ ನಮ್ಮೂರಿಗೇ ಬಂದರಲ್ಲ ಎಂದು ಆಸೆಯಿಂದ ನೋಡಿದೆ. ಮಿಠಾಯಿ ಬಣ್ಣದ ಸೆಟ್ಟುಗಳು. ಅದರಲ್ಲಿ ನನಗೆ ಗುರುತು ಸಿಗುವಂಥ ಬೆಂಗಳೂರು ಕಾಣಲಿಲ್ಲ. ಸಿನಿಮಾ ಓಡಲೂ ಇಲ್ಲ. ಆದರೆ ಪೋಷಕ ಪಾತ್ರಗಳ ಪಟ್ಟಿ ನೋಡಿ: ‘ಆಫೀಸ್ ಆಫೀಸ್’ನ ಶುಕ್ಲಾ ಆಗಿ ಮನೆಮಾತಾದ ಸಂಜಯ್ ಮಿಶ್ರಾ, 1984ರ ‘ಯೇ ಜೋ ಹೈ ಜಿಂದಗಿ’ಯ ಟೀಕು ತಲ್ಸಾನಿಯಾ, ಹಿಂದಿ ಧಾರಾವಾಹಿಗಳ ಖಳನಾಯಕಿ ಅಶ್ವಿನಿ ಕಲ್ಸೇಕರ್. ಕಾಕ್ಸ್ ಟೌನಿನ ಆಂಟಿ ಬದುಕಿದ್ದರೆ ಈ ಡಬ್ಬಿಯ ಮೇಲೂ ಬೆರಳಿಡುತ್ತಿದ್ದರು.

ಇಷ್ಟೆಲ್ಲ ನೋಡಿ ನನಗೆ ಉಳಿದ ತಕರಾರು ಒಂದೇ, ಅದು ಆಳುಗಳ ವಿಷಯ. ಪ್ಲಾಟಸ್ ಬರೆದದ್ದು ನಿಜವಾದ ಗುಲಾಮರಿದ್ದ ಊರಿನಲ್ಲಿ. ಮಾತು ತಪ್ಪಿದರೆ ಚಾಟಿ, ಓಡಿಹೋದರೆ ಹಣೆಗೆ ಬರೆ. ಅಂಥ ಊರಿನಲ್ಲಿ ಕೂತು ಅವನು ರಂಗದ ಮೇಲಾದರೂ ಗುಲಾಮನಿಗೆ ಎಲ್ಲರಿಗಿಂತ ಹೆಚ್ಚು ಬುದ್ಧಿ ಕೊಟ್ಟ. ‘ಮೆನೆಕ್ಮಿ’ಯ ಕೊನೆಯಲ್ಲಿ ಅವಳಿಗಳ ಗುಟ್ಟು ಒಡೆಯುವವನು ಆಳು ಮೆಸ್ಸೇನಿಯೊ. ಅದಕ್ಕೆ ಅವನಿಗೆ ಬಿಡುಗಡೆಯೂ ಸಿಗುತ್ತದೆ. 1966ರ ಸಿನಿಮಾದ ಸೂಡೊಲಸ್‌ಗೂ ಸಿಕ್ಕಿತು. ಶೇಕ್ಸ್‌ಪಿಯರ್‌ನ ಇಬ್ಬರು ಡ್ರೋಮಿಯೋಗಳಿಗೆ ಮಾತ್ರ ಬಿಡುಗಡೆಯ ಮಾತಿಲ್ಲ, ಕೈ ಕೈ ಹಿಡಿದು ಯಜಮಾನರ ಹಿಂದೆ ಒಳಗೆ ಹೋಗುತ್ತಾರೆ. ‘ಅಂಗೂರ್’ನ ಬಹಾದ್ದೂರರೂ ಹಾಗೆಯೇ. ಅಣ್ಣತಮ್ಮಂದಿರು ಸೇರಿದ ಸಂತೋಷದಲ್ಲಿ ಅವರ ಸಂಬಳ ಏರಿತೇ ಎಂದು ಯಾರೂ ಕೇಳುವುದಿಲ್ಲ. ನಕ್ಕು ಸುಸ್ತಾಗುವಷ್ಟು ನಗಿಸಿದವರು ದೇವೆನ್ ವರ್ಮಾ, ಕಾಶಿ ಅಂಥವರು, ಪೋಸ್ಟರಿನಲ್ಲಿ ದೊಡ್ಡ ಅಕ್ಷರ ಯಜಮಾನನದು.

ಪ್ಲಾಟಸ್ ಕೊನೆಯ ಮಾತನ್ನೂ ಆಳಿಗೇ ಬಿಟ್ಟಿದ್ದಾನೆ. ಬಿಡುಗಡೆ ಸಿಕ್ಕಿದ ಮೆಸ್ಸೇನಿಯೊ ಹರಾಜು ಕೂಗುವವನಾಗಿ ಜನರ ಕಡೆ ತಿರುಗುತ್ತಾನೆ. ಇಷ್ಟು ದಿನ ಈ ಊರಿನಲ್ಲಿದ್ದ ಅಣ್ಣತಮ್ಮ ತವರೂರಿಗೆ ಹೊರಟಿದ್ದಾನೆ, ಇನ್ನೊಂದು ವಾರಕ್ಕೆ ಅವನ ಆಸ್ತಿಯೆಲ್ಲ ಹರಾಜು ಎಂದು ಸಾರುತ್ತಾನೆ. ಆಳುಗಳು, ಪಾತ್ರೆ ಪಗಡೆ, ಜಮೀನು, ಮನೆ. ಕೊಳ್ಳುವವರು ಯಾರಾದರೂ ಸಿಕ್ಕಿದರೆ ಅವನ ಹೆಂಡತಿಯೂ.